ಸೂರ್ಯನ ಪಾಕೀಟು

ಔಷಧ ಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಯಾದಗಿರಿಯ ನಮ್ಮ ಮನೆಗೆ ಬಂದಿದ್ದರು. "ಸರ್, ನಿಮ್ಮ ಕಾಲದಾಗ ಕೆಲಸ ಹ್ಯಾಂಗಿತ್ತು, ಸ್ವಲ್ಪ ಹೇಳ್ರಿ" ಅಂದರು. ನಾನು ದಾಸ್ತಾನು ಕೋಣೆಯಲ್ಲಿ ಇಲಿಗಳು ಹತ್ತಿಯ ಉಂಡೆಯಲ್ಲಿ ಸಂಸಾರ ಹೂಡಿದ್ದನ್ನು ಹೇಳಿದೆ. ತಪಾಸಣೆಗೆ ಬಂದ ಸಾಹೇಬರೊಬ್ಬರು ಕೆಮ್ಮಿನ ಔಷಧಿಯ ಸಿಹಿಗೆ ಮನಸೋತು ಎರಡು ಬಾಟಲಿ ಕೇಳಿ ಒಯ್ದದ್ದನ್ನೂ ಹೇಳಿದೆ. ನಗಿಸಿ, ಚಹಾ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ಹೇಳಬೇಕಾದ ಒಂದೇ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ್ದೆ. ಬಾಯಿಗೆ ಬಾರದ್ದನ್ನು ಬರೆದಾದರೂ ಕೊಡೋಣವೆಂದು ಈಗ ಕೂತಿದ್ದೇನೆ.

ನಾನು ಸಗರದವನು. ಅಪ್ಪ ಶಾಲೆಯ ಮಾಸ್ತರರು. ನಮ್ಮದು ಬುದ್ಧನಿಗೆ ಕೈಮುಗಿಯುವ ಮನೆ. ದಿನವೂ ಬೆಳಿಗ್ಗೆ ಅಪ್ಪ ನಮ್ಮಿಂದ ಐದು ಮಾತು ಹೇಳಿಸುತ್ತಿದ್ದರು, ಅದರಲ್ಲಿ ಒಂದು ಸುಳ್ಳಾಡುವುದಿಲ್ಲ ಎಂಬುದು. ಆ ಮಾತನ್ನು ನಾನು ಎಷ್ಟರಮಟ್ಟಿಗೆ ಉಳಿಸಿಕೊಂಡೆ ಎಂಬುದೇ ಈ ಬರಹ ಅಂದರೂ ಆದೀತು.

ಕಂಪೌಂಡರನಾಗಿ ನಾನು ಸೇರಿದ್ದು ಕಾಲುವೆ ಸೀಮೆಯ ಒಂದು ಸಣ್ಣ ದವಾಖಾನೆಗೆ. ಊರಿನ ಹೆಸರು ಬೇಡ. ಒಬ್ಬ ಡಾಕ್ಟರು, ಒಬ್ಬ ನರ್ಸಬಾಯಿ, ನಾನು. ಮೂತ್ರ ಪರೀಕ್ಷೆ ಮಾಡಬೇಕಾದವನ ಹುದ್ದೆ ಖಾಲಿಯಿದ್ದುದರಿಂದ ಆ ಕೆಲಸವೂ ನನ್ನದೇ. ಆಗ ಮಾತ್ರೆಗಳು ಈಗಿನಂತೆ ಹೊಳೆಯುವ ಹಾಳೆಯಲ್ಲಿ ಬರುತ್ತಿರಲಿಲ್ಲ, ಸಾವಿರ ಹಿಡಿಯುವ ಡಬ್ಬಿಗಳಲ್ಲಿ ಬರುತ್ತಿದ್ದವು. ಪಾಕೀಟುಗಳನ್ನು ನಾವೇ ಮಾಡಿಕೊಳ್ಳಬೇಕು. ಅಪ್ಪನ ಶಾಲೆಯ ಹಳೆಯ ಉತ್ತರಪತ್ರಿಕೆಗಳನ್ನು ತಂದು, ಹರಿದು, ಗಂಜಿ ಹಚ್ಚಿ ಅಂಟಿಸುತ್ತಿದ್ದೆ. ಯಾವನೋ ಹುಡುಗ ಗಣಿತದಲ್ಲಿ ಸೊನ್ನೆ ತಗೊಂಡ ಹಾಳೆಯಲ್ಲಿ ಯಾರದೋ ಚಳಿಜ್ವರದ ಮಾತ್ರೆ ಮನೆಗೆ ಹೋಗುತ್ತಿತ್ತು.

ಪಾಕೀಟಿನ ಮೇಲೆ ಬರೆದದ್ದನ್ನು ಓದುವವರು ಕಡಿಮೆ. ಹಾಗಾಗಿ ನಾನೊಂದು ಉಪಾಯ ಮಾಡಿದ್ದೆ. ಬೆಳಗಿನ ಮಾತ್ರೆಯ ಪಾಕೀಟಿಗೆ ಕೆಂಪು ಶಾಯಿಯಲ್ಲಿ ಸೂರ್ಯ, ರಾತ್ರಿಯ ಪಾಕೀಟಿಗೆ ನೀಲಿ ಶಾಯಿಯಲ್ಲಿ ಚಂದ್ರ. ಸೂರ್ಯನಿಗೆ ಮೀಸೆ ಕೂಡ ಬರೆಯುತ್ತಿದ್ದೆ, ಮಕ್ಕಳು ಖುಷಿಪಡಲಿ ಎಂದು. ನಮ್ಮ ಡಾಕ್ಟರು ಮಹಾ ಸಿಡುಕಿನ ಮನುಷ್ಯ, ಯಾರನ್ನೂ ಹೊಗಳಿದವರಲ್ಲ. ಅವರೂ ನನ್ನ ಪಾಕೀಟನ್ನು ಎತ್ತಿ ಹಿಡಿದು ನೋಡಿ, "ತಲಿ ಅದ ನಿನಗ" ಅಂದರು. ಸುರಪುರದಲ್ಲಿ ನಡೆದ ಸಭೆಗೆ ಎರಡು ಪಾಕೀಟು ಒಯ್ದು ಎಲ್ಲರಿಗೂ ತೋರಿಸಿದರು. ಸುತ್ತಲಿನ ದವಾಖಾನೆಗಳಲ್ಲೂ ಸೂರ್ಯ ಚಂದ್ರರು ಮೂಡಿದರು. ಹೆಮ್ಮೆಯಿಂದ ನನಗೆ ನೆಲ ಕಾಣದಾಯಿತು.

ಎಚ್ಚರಿಕೆ ಒಂದು ಬಂದಿತ್ತು, ನಾನು ನಗೆಯಾಡಿ ಬಿಟ್ಟೆ. ಒಬ್ಬ ಮುದುಕಿಗೆ ಬಿಪಿ ಮಾತ್ರೆ ಕೊಟ್ಟಿದ್ದೆ, ರಾತ್ರಿಗೊಂದು. ತಿಂಗಳಾದ ಮೇಲೆ ಬಂದಾಗ ಚಂದ್ರನ ಪಾಕೀಟಿನಲ್ಲಿ ಐದಾರು ಮಾತ್ರೆ ಉಳಿದಿದ್ದವು. "ಯಾಕ ಆಯಿ, ಇವು ಯಾಕ ಉಳದಾವ?" ಎಂದು ಕೇಳಿದೆ.

"ಅಮಾಸಿ ಅತ್ಲಾಗ ಇತ್ಲಾಗ ಚಂದಪ್ಪ ಎಲ್ಲಿರ್ತಾನೋ ಯಪ್ಪಾ? ಅಂವ ಕಾಣದ ದಿನ ನಾ ಹ್ಯಾಂಗ ನುಂಗಲಿ?" ಅಂದಳು.

ಈ ಕತೆಯನ್ನು ನಾನು ಹುಣಸಗಿಯಿಂದ ಶಹಾಪುರದ ತನಕ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಕ್ಕಿದ್ದೇನೆ. ಚಿತ್ರವನ್ನು ನಾನು ಬರೆದಂತೆಯೇ ಅವರು ನೋಡಬೇಕಾಗಿಲ್ಲ, ಅವರು ಅವರ ಬದುಕಿನಿಂದ ನೋಡುತ್ತಾರೆ ಎಂಬ ಪಾಠ ಅದರಲ್ಲಿತ್ತು. ನಾನು ಅದನ್ನು ಕಲಿಯಲಿಲ್ಲ.

ಆ ಹೊತ್ತಿಗೆ ಕೃಷ್ಣೆಯ ಕಾಲುವೆ ನೀರು ನಮ್ಮ ಕಡೆಯ ಹೊಲಗಳಿಗೆ ಹರಿಯಲು ಸುರುವಾಗಿ ಕೆಲವು ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಭತ್ತದ ಗದ್ದೆ ಬಂತು. ಬೆಳೆ ಬದಲಾದದ್ದು ಎಲ್ಲರಿಗೂ ಕಂಡಿತು. ಹೊತ್ತು ಬದಲಾದದ್ದು ಯಾರಿಗೂ ಕಾಣಲಿಲ್ಲ. ಕಾಲುವೆಯ ಮೇಲ್ಭಾಗದ ಊರಿನವರು ಹಗಲೆಲ್ಲ ನೀರು ತಿರುಗಿಸಿಕೊಂಡು, ಸಂಜೆ ತೂಬು ಮುಚ್ಚಿ ಮನೆಗೆ ಹೋಗುತ್ತಿದ್ದರು. ಆಮೇಲೆ ಕೊನೆಯ ಊರುಗಳಿಗೆ ನೀರು ಏರುತ್ತಿತ್ತು. ಹಾಗಾಗಿ ಮೇಲಿನ ಊರು ಹಗಲಿನ ಊರು, ಕೊನೆಯ ಊರು ರಾತ್ರಿಯ ಊರು. ನಮ್ಮ ದವಾಖಾನೆ ಇದ್ದದ್ದು ಕೊನೆಯಲ್ಲಿ.

ಅಲ್ಲಿ ನೀರು ಹಾಯಿಸುವುದನ್ನೇ ಕೂಲಿ ಮಾಡಿಕೊಂಡವರು ಹತ್ತಾರು ಜನ ಇದ್ದರು. ನಾಲ್ಕೈದು ಮನೆಯವರ ಗದ್ದೆ ಹಿಡಿದು, ಕತ್ತಲಾದ ಮೇಲೆ ಸಲಿಕೆ ಬ್ಯಾಟರಿ ತಗೊಂಡು ಹೊರಟರೆ ಬೆಳಕಾದ ಮೇಲೆಯೇ ಮನೆ. ಉಣ್ಣುವುದು ನಡುರಾತ್ರಿ ಬದುವಿನ ಮೇಲೆ, ಮಲಗುವುದು ಹಗಲು. ಅಂಥವರಲ್ಲಿ ಒಬ್ಬ ಮಾನಪ್ಪ. ನಲವತ್ತು ದಾಟಿರಲಿಲ್ಲ. ಎತ್ತರದ ಆಳು, ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತಿತ್ತು. ದವಾಖಾನೆಗೆ ಬರುವಾಗ ಕಾಲಿನ ಕೆಸರು ತೊಳೆದು, ಒದ್ದೆ ಹೆಜ್ಜೆ ಒಣಗುವ ತನಕ ಹೊರಗೇ ನಿಲ್ಲುವನು. ಅವನಿಗೆ ಸಕ್ಕರೆ ಕಾಯಿಲೆ ಇರುವುದನ್ನು ಮೊದಲು ಕಂಡವನು ನಾನೇ.

ಆಗಿನ ಪರೀಕ್ಷೆ ಹೇಗಿತ್ತೆಂದು ನಿಮಗೆ ಹೇಳಬೇಕು. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ, ತೀರ ಹೆಚ್ಚಿದ್ದರೆ ಇಟ್ಟಿಗೆಯ ಕೆಂಪು. ಮಾನಪ್ಪನದು ಇಟ್ಟಿಗೆ ಕೆಂಪಾಯಿತು.

ಡಾಕ್ಟರು ಅನ್ನ ಬಿಡಲು ಹೇಳಿದರು. ಆಗ ಎಲ್ಲರ ಸಕ್ಕರೆಗೂ ಹೊಸದಾಗಿ ಬಂದ ಅನ್ನವೇ ಕಾರಣ ಎಂದು ನಾವೆಲ್ಲ ನಂಬಿದ್ದೆವು. ಮಾನಪ್ಪ ಕೈಕಟ್ಟಿ ನಿಂತು, "ನಾ ಅನ್ನ ಉಣ್ಣಂಗೇ ಇಲ್ರೀ ಸಾಹೇಬ್ರ. ಮೂರು ರೊಟ್ಟಿ, ಪುಂಡಿಪಲ್ಯ. ನಮ್ಮಪ್ಪ ಉಂಡಿದ್ದೇ ನಾನೂ ಉಣತೀನಿ" ಅಂದ. ಡಾಕ್ಟರು ನಂಬಲಿಲ್ಲ, ನಾನೂ ನಂಬಲಿಲ್ಲ.

ವಿಚಿತ್ರವೆಂದರೆ ಬೇಸಿಗೆಯಲ್ಲಿ ಕಾಲುವೆ ಬಂದಾದಾಗ ಅವನ ನಳಿಗೆ ಹಸಿರಿಗೆ ಇಳಿಯಿತು. ಮಳೆಗಾಲದಲ್ಲಿ ನೀರು ಬಿಟ್ಟ ಮೇಲೆ ಮತ್ತೆ ಕೆಂಪು. ಮರುವರ್ಷವೂ ಹಾಗೇ. ಅವನಂಥ ಇನ್ನೂ ಕೆಲವರದ್ದೂ ಹಾಗೇ. ನಾನು ಒಂದು ಖಾಸಗಿ ನೋಟುಬುಕ್ಕಿನಲ್ಲಿ ಬರೆದಿಡತೊಡಗಿದೆ: ಹೆಸರು, ಕಾಲುವೆ ಚಾಲೂ ಇದೆಯೋ ಬಂದೋ, ಬಣ್ಣ ಯಾವುದು. ಬರೆದೆನೇ ಹೊರತು ಅರ್ಥ ಮಾಡಿಕೊಳ್ಳಲಿಲ್ಲ. ನನಗೆ ತೋಚಿದ ಅರ್ಥ ಒಂದೇ. ಕೂಲಿ ಸಿಗುವ ಕಾಲಕ್ಕೆ ಇವರು ಕದ್ದು ಸಿಹಿ ತಿನ್ನುತ್ತಾರೆ!

"ಖರೇ ಹೇಳೋ ಮಾನಪ್ಪ, ಹುಣಸಗಿ ಸಂತ್ಯಾಗ ಜಿಲೇಬಿ ತಿಂತಿ ಹೌದಲ್ಲೋ?" ಎಂದು ಎಲ್ಲರೆದುರು ಕಿಚಾಯಿಸುತ್ತಿದ್ದೆ.

"ನಿಮ್ಮ ಪಾದದಾಣಿ ಇಲ್ರೀ" ಎಂದು ಅವನು ನಗುತ್ತಿದ್ದ. ಆ ನಗು ನೆನಪಾದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

ಇನ್ನೊಂದು ವಿಷಯವೂ ಕಣ್ಣೆದುರೇ ಇತ್ತು. "ಖಾಲಿ ಹೊಟ್ಟೆಯಲ್ಲಿ ಬಾ" ಎಂದು ಹೇಳಿದರೆ ಈ ಜನ ಬೆಳಿಗ್ಗೆ ಬಂದು, "ಇವತ್ತು ಏನೂ ತಿಂದಿಲ್ರಿ" ಎನ್ನುತ್ತಿದ್ದರು. ಸುಳ್ಳಲ್ಲ. ಕೋಳಿ ಕೂಗುವ ಮೊದಲು ಉಂಡದ್ದು ಅವರ ಲೆಕ್ಕದಲ್ಲಿ ನಿನ್ನೆಯ ಊಟ. ಹೊತ್ತು ಹೊರಟ ಮೇಲೆಯೇ, ಅಂದರೆ ಸೂರ್ಯ ಮೂಡಿದ ಮೇಲೆಯೇ, ಅವರಿಗೆ ಇವತ್ತು. ಅವರ ದಿನ ನಮ್ಮ ದಿನದಂತಿಲ್ಲ ಎಂದು ಆ ಒಂದು ಮಾತೇ ಕೂಗಿ ಹೇಳುತ್ತಿತ್ತು. ಅದಕ್ಕೂ ನಾನು ಕಿವಿಗೊಡಲಿಲ್ಲ.

ಒಂದು ಶ್ರಾವಣದಲ್ಲಿ, ಅಲ್ಲಿಯ ತನಕ ಕೊಡುತ್ತಿದ್ದ ಸಣ್ಣ ಮಾತ್ರೆಗೆ ಮಾನಪ್ಪನ ಕೆಂಪು ಸ್ವಲ್ಪವೂ ಇಳಿಯಲಿಲ್ಲ. ಡಾಕ್ಟರು ಮಾತ್ರೆ ಬದಲಿಸಿ ಜೋರಿನದನ್ನು ಬರೆದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಮುಂಚೆ. ಅವನ ಹೆಂಡತಿ ದೇವಕ್ಕ ಪಾಕೀಟು ಒಯ್ಯಲು ಬಂದಿದ್ದಳು. ನಾನು ಕೆಂಪು ಸೂರ್ಯ ಬರೆದೆ, ಮೀಸೆ ಎಳೆದೆ. ನೀಲಿ ಚಂದ್ರ ಬರೆದೆ. "ಹೊತ್ತು ಹೊಂಟ ಕೂಡ್ಲೇ ಇದು, ಕತ್ತಲಾದ್ರ ಇದು. ತಪ್ಪಿಸಬ್ಯಾಡವಾ" ಅಂದೆ. ಊಟದ ಮಾತು ಹೇಳಿದೆನೋ ಇಲ್ಲವೋ ಎಷ್ಟು ನೆನಪು ಮಾಡಿಕೊಂಡರೂ ನೆನಪಾಗುವುದಿಲ್ಲ. ಅಂದು ಸಾಲು ದೊಡ್ಡದಿತ್ತು. ಹೇಳಿರಲಿಕ್ಕಿಲ್ಲ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ದೇವಕ್ಕ ಬಂದು ಕಿಟಕಿಯ ಮುಂದೆ ನಿಂತಳು. ಕೈಯಲ್ಲಿ ಬಳೆ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಎರಡು ಪಾಕೀಟು ಕಟ್ಟೆಯ ಮೇಲಿಟ್ಟಳು.

"ಇವು ಉಳದಾವ್ರಿ ಸಾಹೇಬ್ರ. ಮತ್ತ್ಯಾರಿಗರೆ ಕೊಡ್ರಿ, ಪಾಪ, ಉಪಯೋಗಕ್ಕ ಬರ್ತಾವ" ಅಂದಳು.

ನಮ್ಮ ಕಡೆಯ ಬಡವರಲ್ಲಿ ಇದೊಂದು ರೂಢಿ ಇತ್ತು. ಸತ್ತವರ ಔಷಧವನ್ನು ಎಸೆಯುತ್ತಿರಲಿಲ್ಲ, ತಂದು ಕೊಡುತ್ತಿದ್ದರು. ಏನಾಯಿತೆಂದು ಕೇಳಿದೆ. ಅವಳು ಅಳದೆ ಹೇಳಿದಳು. ಅಳು ಮುಗಿದಿರಬೇಕು.

"ಅಂವ ಮುಂಜಾನಿ ಬಂದ್ರಿ. ಕಾಲು ತೊಳಕೊಂಡ, ಗುಳಿಗಿ ತೊಗೊಂಡ, ಮಲಗಿದ. ರಾತ್ರೆಲ್ಲಾ ನಿದ್ದಿಗೆಟ್ಟಾನಂತ ನಾ ಹುಡುಗರ್ನ ಹೊರಗ ಹಾಕಿ ಬಾಗಿಲಾ ಮುಂದ ಮಾಡಿದ್ನಿ. ಒರಳಿನಾಗ ಖಾರ ಸೈತ ಕುಟ್ಟಲಿಲ್ಲ. ಹನ್ನೆರಡರ ಸುಮಾರಿಗೆ ನೋಡಿದ್ರ ಮೈಯೆಲ್ಲಾ ಬೆವತಿತ್ತು. ಧಗಿ ಅಂತ ತಿಳದು ಸೆರಗಲೆ ಗಾಳಿ ಬೀಸಿದ್ನಿ. ಸ್ವಲ್ಪ ನರಳಿದ. ಕನಸು ಅಂದ್ಕೊಂಡ್ನಿ. ಸಂಜೀಕ ರೊಟ್ಟಿ ಬಡದು ಎಬ್ಬಸಾಕ ಹೋದ್ರ…"

ನಾನು ಪಾಕೀಟುಗಳನ್ನು ಬಿಚ್ಚಿ ಎಣಿಸಿದೆ. ಚಂದ್ರನದಕ್ಕಿಂತ ಸೂರ್ಯನದರಲ್ಲಿ ಒಂದು ಕಡಿಮೆ ಇತ್ತು. ಆ ಕ್ಷಣಕ್ಕೆ ನನಗೆ ಎಲ್ಲ ತಿಳಿಯಿತು. ಆ ಮಾತ್ರೆ ರಕ್ತದ ಸಕ್ಕರೆಯನ್ನು ಇಳಿಸುವಂಥದ್ದು. ನುಂಗಿದ ಮೇಲೆ ಉಣ್ಣಲೇಬೇಕು. ನಾನು ಸೂರ್ಯ ಬರೆದದ್ದು, ಸೂರ್ಯ ಹುಟ್ಟಿದ ಮೇಲೆ ಮನುಷ್ಯ ಉಣ್ಣುತ್ತಾನೆ ಎಂದುಕೊಂಡು. ಮಾನಪ್ಪ ಸೂರ್ಯ ಹುಟ್ಟಿದ ಮೇಲೆ ಮಲಗುತ್ತಿದ್ದ. ಹನ್ನೆರಡು ತಾಸು ಹೊಟ್ಟೆಗೇನೂ ಇಲ್ಲದೆ ಮಲಗುವವನ ಕೈಗೆ ದಿನವೂ ಬೆಳಿಗ್ಗೆ ಅದನ್ನು ಕೊಡಿಸಿದ್ದೆ. ಅಷ್ಟು ದಿನ ಹೇಗೋ ತಡೆದುಕೊಂಡ ಮೈ ಅವತ್ತು ತಡೆದುಕೊಳ್ಳಲಿಲ್ಲ. ಮನೆಯವರೆಲ್ಲ ಉಸಿರು ಬಿಗಿಹಿಡಿದು ಅವನ ನಿದ್ದೆ ಕಾಯ್ದರು. ಅದು ನಿದ್ದೆಯಾಗಿರಲಿಲ್ಲ.

"ಎಬ್ಬಿಸಿದ್ರ ಉಳೀತಿದ್ನೇನ್ರಿ?" ಎಂದು ದೇವಕ್ಕ ಕೇಳಿದಳು.

ಎಬ್ಬಿಸಿ ಒಂದು ಲೋಟ ಬೆಲ್ಲದ ನೀರು ಕುಡಿಸಿದ್ದರೆ ಬಹುಶಃ ಉಳಿಯುತ್ತಿದ್ದ. ಹೌದೆಂದರೆ ಅವಳ ಎದೆ ಒಡೆಯುತ್ತದೆ, ಇಲ್ಲವೆಂದರೆ ಸುಳ್ಳು. ಯಾಕೆಂದು ಹೇಳಹೊರಟರೆ ನನ್ನ ಮೀಸೆ ಸೂರ್ಯನ ಕತೆ ಹೇಳಬೇಕು. "ಅಂವ ಪಡಕೊಂಡು ಬಂದದ್ದು ಅಷ್ಟೇ ತಾಯಿ" ಅಂದುಬಿಟ್ಟೆ. ಅವಳು ತಲೆಯಾಡಿಸಿ ಹೊರಟುಹೋದಳು. ನಾನು ಹೆದರಿದ್ದೆ. ನೌಕರಿಗೆ ಹೆದರಿದ್ದೆ, ಊರಿನವರ ಕೈಗೆ ಹೆದರಿದ್ದೆ, ಎಲ್ಲಕ್ಕಿಂತ ಹೆಚ್ಚಾಗಿ ಅವಳ ಕಣ್ಣಿಗೆ ಹೆದರಿದ್ದೆ.

ಡಾಕ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ಮೇಜಿನ ಮೇಲಿನ ಕಾಗದ ಸರಿಪಡಿಸುತ್ತ ಕೂತರು. ಕೊನೆಗೆ, "ಎದಿ ನಿಂತಿರಬೇಕು. ನೀ ಇದನ್ನ ಎಲ್ಲೂ ಆಡಬ್ಯಾಡ" ಅಂದರು. ಅವರ ದನಿಯಲ್ಲಿ ಎಂದಿನ ಸಿಡುಕು ಇರಲಿಲ್ಲ. ಮತ್ತೆಂದೂ ಅವರು ಆ ಮಾತ್ರೆಯನ್ನು ರಾತ್ರಿ ನೀರಿನವರಿಗೆ ಬರೆಯಲಿಲ್ಲ. ಅವರ ಪಶ್ಚಾತ್ತಾಪವೂ ನನ್ನದರಂತೆ ಬಾಯಿ ಮುಚ್ಚಿಕೊಂಡೇ ಇತ್ತು.

ಮರುದಿನದಿಂದ ನಾನು ಸೂರ್ಯನನ್ನು ಬರೆಯಲಿಲ್ಲ. ದುಂಡಗೆ ಒಂದು ರೊಟ್ಟಿ ಬರೆದು, ಮೇಲೆ ನಾಲ್ಕು ಚುಕ್ಕಿ ಇಟ್ಟೆ, ಸುಟ್ಟ ಗುರುತಿನಂತೆ. ಊಟವಿದ್ದರೆ ಮಾತ್ರೆ, ಇಲ್ಲದಿದ್ದರೆ ಇಲ್ಲ. ಪಾಕೀಟಿನ ಮೂಲೆಯಲ್ಲಿ ಬೆಲ್ಲದ ತುಂಡು ಬರೆದು, "ಮಲಗಿದಾಗ ಬೆವತ್ರ ಎಬ್ಬಿಸ್ರಿ, ಬೆಲ್ಲ ತಿನ್ನಸ್ರಿ, ಏಳಲಿಲ್ಲಂದ್ರ ದವಾಖಾನಿಗೆ ಓಡಿ ಬರ್ರಿ" ಎಂದು ಪ್ರತಿ ಮನೆಯವರಿಂದ ಮೂರು ಸಲ ಹೇಳಿಸುತ್ತಿದ್ದೆ. ಸಾಲು ಎಷ್ಟು ದೊಡ್ಡದಿದ್ದರೂ ಸರಿ. ಜನ ಬೈಯುತ್ತಿದ್ದರು. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು, "ಎಲ್ಲಾ ಕಡಿ ಸೂರ್ಯ ಚಂದ್ರ ಅದಾವ, ನಿನ್ನಲ್ಲಿ ಮಾತ್ರ ಇದೇನು ರೊಟ್ಟಿ ಅಂಗಡಿ?" ಎಂದು ಜಬರಿಸಿದರು. ಲಿಖಿತ ಸಮಜಾಯಿಷಿ ಕೇಳಿದರು. ಕಾರಣ ಬರೆದುಕೊಡುವ ಧೈರ್ಯ ನನಗಿರಲಿಲ್ಲ. ಸೂರ್ಯನನ್ನು ಹುಟ್ಟಿಸಿದವನು ನಾನೇ ಎಂದು ಅವರಿಗೆ ತಿಳಿದಿರಲೂ ಇಲ್ಲ. ಸುಮ್ಮನೆ ಬೈಸಿಕೊಂಡೆ, ಸುಮ್ಮನೆ ರೊಟ್ಟಿ ಬರೆದೆ.

ವರ್ಷಗಳು ಹೋದವು. ಸ್ಪಿರಿಟ್ ದೀಪ ಹೋಗಿ ಬೆರಳಿನ ತುದಿಯ ಒಂದು ಹನಿ ರಕ್ತದಲ್ಲಿ ಸಕ್ಕರೆ ಹೇಳುವ ಪುಟ್ಟ ಯಂತ್ರ ಬಂತು. ನಾನು ವರ್ಗವಾಗಿ ಶಹಾಪುರದಲ್ಲಿದ್ದಾಗ ಮೈಸೂರು ಕಡೆಯ ಒಬ್ಬ ಎಳೆಯ ಲೇಡಿ ಡಾಕ್ಟರು ಬಂದರು. ನಮ್ಮ ಮಾತು ಅವರಿಗೆ ಜಗಳದ ಹಾಗೆ ಕೇಳಿಸುತ್ತಿತ್ತಂತೆ, ಮೊದಲ ತಿಂಗಳು ಹೆದರಿಕೊಂಡೇ ಇದ್ದರು. ಓದುವ ಹುಚ್ಚು ಬಹಳ. ಒಂದು ದಿನ ಧೈರ್ಯ ಮಾಡಿ ನನ್ನ ಹಳೆಯ ನೋಟುಬುಕ್ಕನ್ನು ಅವರ ಮುಂದಿಟ್ಟೆ. ಹಾಳೆ ತಿರುವುತ್ತ ತಿರುವುತ್ತ ಅವರು ಚಹಾ ಆರಲು ಬಿಟ್ಟರು.

"ಇವರೆಲ್ಲ ಕಾಲುವೆ ನಿಂತಾಗ ರಾತ್ರಿ ಮಲಗುತ್ತಿದ್ದರು, ಅಲ್ಲವೇ?" ಎಂದು ಕೇಳಿದರು.

ಆ ಒಂದು ಪ್ರಶ್ನೆಯನ್ನು ನಾನು ಅಷ್ಟು ವರ್ಷ ಕೇಳಿಕೊಂಡಿರಲಿಲ್ಲ. ಅವರು ನನಗೆ ತಿಳಿಯುವಂತೆ ಹೇಳಿದರು. ಮನುಷ್ಯನ ಮೈಯಲ್ಲಿ ಗಡಿಯಾರ ಒಂದಲ್ಲ. ಮಿದುಳಿನಲ್ಲಿ ಒಂದು ದೊಡ್ಡದಿದೆ, ಅದು ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ನಡೆಯುತ್ತದೆ. ಪಿತ್ತಜನಕಾಂಗ, ಕೊಬ್ಬು, ಸ್ನಾಯು, ಹೀಗೆ ಮೈಯ ಕಣಕಣದಲ್ಲೂ ಒಂದೊಂದು ಸಣ್ಣ ಗಡಿಯಾರವಿದೆ. ಊಟ ಯಾವಾಗ, ಉಪವಾಸ ಯಾವಾಗ ಎಂಬುದನ್ನು ಅವು ಮುಂಚೆಯೇ ಎದುರುನೋಡುತ್ತವೆ. ಹಗಲು ಬಂದ ಸಕ್ಕರೆಯನ್ನು ಉರಿಸುವುದು, ರಾತ್ರಿ ಕೂಡಿಟ್ಟದ್ದನ್ನು ಸ್ವಲ್ಪಸ್ವಲ್ಪ ಬಿಡುವುದು ಅವುಗಳ ಪದ್ಧತಿ. ರಾತ್ರಿಯಾದರೆ ಸಕ್ಕರೆಯನ್ನು ಒಳಗೆ ಕರೆದುಕೊಳ್ಳುವ ಕೆಲಸ ಮಂದವಾಗುತ್ತದೆ. ಅದೇ ಮೂರು ರೊಟ್ಟಿ ಹಗಲು ಉಂಡರೆ ಒಂದು ತರಹ, ನಡುರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರಿ ಹೆಚ್ಚು ಹೊತ್ತು ನಿಲ್ಲುತ್ತದೆ.

"ಹಾಗಂತ ಗಡಿಯಾರವೇ ಊಟವನ್ನು ಆಳುತ್ತದೆ ಅನ್ನುವಂತಿಲ್ಲ. ಊಟವೂ ಗಡಿಯಾರವನ್ನು ತಿರುಗಿಸುತ್ತದೆ. ಜೀವಕಣದಲ್ಲಿ ಇಂಧನ ತುಂಬಿದೆಯೋ ಬರಿದಾಗಿದೆಯೋ ಎಂಬುದನ್ನು ನೋಡಿಯೇ ಆ ಸಣ್ಣ ಗಡಿಯಾರ ತನ್ನ ಮುಳ್ಳು ಸರಿಪಡಿಸಿಕೊಳ್ಳುವುದು. ದಿನಾ ನಡುರಾತ್ರಿ ಉಂಡರೆ ಪಿತ್ತಜನಕಾಂಗ ರಾತ್ರಿಯನ್ನೇ ಹಗಲು ಅಂದುಕೊಳ್ಳುತ್ತೆ. ಮಿದುಳು ಮಾತ್ರ ಬೆಳಕು ನೋಡಿ ಇನ್ನೊಂದು ಹೇಳುತ್ತೆ" ಅಂದರು.

ನಮ್ಮ ಕಾಲುವೆಯ ಹಾಗೆಯೇ ಅನ್ನಿಸಿತು ನನಗೆ. ಮೇಲಿನ ತೂಬು ಒಂದು ಹೊತ್ತಿಗೆ, ಕೊನೆಯ ತೂಬು ಇನ್ನೊಂದು ಹೊತ್ತಿಗೆ. ನಡುವೆ ನೀರು ಎಲ್ಲೆಲ್ಲೋ ನಿಲ್ಲುತ್ತದೆ.

ಹಾಗಾದರೆ ಮಾನಪ್ಪ ಜಿಲೇಬಿ ತಿಂದಿರಲಿಲ್ಲ. ಅವನು ಹೇಳಿದ್ದೆಲ್ಲ ನಿಜ. ನಾನು ಅವರಿಗೆ ಸೂರ್ಯನ ಪಾಕೀಟಿನ ವಿಷಯವನ್ನು ಬೇರೆ ಯಾರದೋ ತಪ್ಪು ಎಂಬಂತೆ ಹೇಳಿದೆ. ಅವರು ನನ್ನನ್ನೇ ನೋಡುತ್ತ, "ಆ ಮಾತ್ರೆಗೆ ಊಟ ಬೇಕಿತ್ತು, ಬೆಳಗಲ್ಲ" ಅಂದರು. ಮತ್ತೇನೂ ಕೇಳಲಿಲ್ಲ. ನಾನು ಎದ್ದು ದಾಸ್ತಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನನ್ನ ಕೊನೆಯ ವರ್ಷಗಳು ಯಾದಗಿರಿಯಲ್ಲಿ ಕಳೆದವು. ನಿವೃತ್ತಿಗೆ ಕೆಲವು ತಿಂಗಳಿರುವಾಗ ಒಬ್ಬ ತರುಣ ತಲೆನೋವಿನ ಚೀಟಿ ಹಿಡಿದು ಕಿಟಕಿಗೆ ಬಂದ. ಕಣ್ಣು ಕೆಂಪಗೆ ಊದಿದ್ದವು, ಬಲಗೈಯ ಎರಡು ಬೆರಳಿಗೆ ಪಟ್ಟಿ. ಕಡೇಚೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ರಾತ್ರಿ ಕೆಲಸ ಮಾಡುತ್ತೇನೆಂದ. ನಿಂತಲ್ಲೇ ತೂಕಡಿಸಿ ಯಂತ್ರಕ್ಕೆ ಕೈ ಕೊಟ್ಟಿದ್ದನಂತೆ, ಪಕ್ಕದವನು ಎಳೆದುಕೊಂಡದ್ದರಿಂದ ಬೆರಳು ಉಳಿದವು. ರಕ್ತದಲ್ಲಿ ಸಕ್ಕರೆ ಆಗಲೇ ಗಡಿಯ ಹತ್ತಿರ ಬಂದಿತ್ತು. ಡಾಕ್ಟರು ಮಾತ್ರೆ ಬರೆದಿರಲಿಲ್ಲ. ದೊಡ್ಡ ಊಟ ಕತ್ತಲಾಗುವ ಮೊದಲು ಮುಗಿಸು, ಕೆಲಸದ ನಡುವೆ ಸ್ವಲ್ಪ ತಿನ್ನು, ಹಗಲು ಕೋಣೆ ಕತ್ತಲು ಮಾಡಿ ಏಳೆಂಟು ತಾಸು ಒಂದೇ ಸಮ ಮಲಗು ಎಂದಿದ್ದರು.

"ಒಂದೇ ಸಮ ಹ್ಯಾಂಗ ಮಲಗಲ್ರೀ? ನಮ್ಮವ್ವ ಬಿಡವಲ್ಲಳು. ತಾಸಿಗೊಮ್ಮೆ ಬಂದು ಅಳ್ಳಾಡಿಸಿ ಎಬ್ಬಸ್ತಾಳ. ಬೈದ್ರ ಅಳ್ತಾಳ. ಕಣ್ಣು ತೆರದು 'ಅವ್ವಾ' ಅಂದ್ಮ್ಯಾಲೇ ಹೋಗ್ತಾಳ. ನಮ್ಮಪ್ಪ ಹಂಗ ಹಗಲು ಮಲಗಿದಾಂವ ಏಳಲಿಲ್ಲಂತ. ನೀವರೆ ಒಂದು ಮಾತು ಹೇಳ್ರಿ ಸರ್" ಅಂದ.

ಅವನು ಸೋತ ನಗೆ ನಕ್ಕ. ಗಲ್ಲದಲ್ಲಿ ಗುಳಿ ಬಿತ್ತು. ಹೆಸರು ಕೇಳುವ ಅಗತ್ಯ ನನಗಿರಲಿಲ್ಲ. ಆದರೂ ಕೇಳಿದೆ. "ಮೌನೇಶ, ಮಾನಪ್ಪನ ಮಗ" ಅಂದ. ಅಪ್ಪ ಸತ್ತಾಗ ಆರು ವರ್ಷದವನಂತೆ. ಕದ ಮುಂದೆ ಮಾಡಿ ಹೊರಗೆ ಹಾಕಿದ ಮಕ್ಕಳಲ್ಲಿ ಇವನೂ ಒಬ್ಬ.

ಎರಡು ದಿನ ನನಗೆ ಊಟ ಸೇರಲಿಲ್ಲ. ನಾನು ನುಂಗಿಕೊಂಡ ಒಂದು ಮಾತು ಇಪ್ಪತ್ತು ವರ್ಷ ದೇವಕ್ಕನ ಎದೆಯಲ್ಲಿ ಬೇರೆಯೇ ರೂಪದಲ್ಲಿ ಬೆಳೆದು, ಈಗ ಅವಳ ಮಗನ ಕೈಯನ್ನು ಯಂತ್ರಕ್ಕೆ ಒಡ್ಡಿತ್ತು. ಹಗಲು ನಿದ್ದೆ ಕೊಲ್ಲುತ್ತದೆ ಎಂದು ಅವಳು ನಂಬಿದ್ದಳು. ಇನ್ನೂ ನಾನು ಸುಮ್ಮನಿದ್ದರೆ ಇನ್ನೊಂದು ಸಾವು ನನ್ನ ಲೆಕ್ಕಕ್ಕೆ ಬರುವುದು ಖಂಡಿತವಿತ್ತು. ಮೂರನೆಯ ದಿನ ಅವರ ಮನೆ ಹುಡುಕಿಕೊಂಡು ಹೋದೆ. ಸ್ಟೇಷನ್ನಿನ ಹಿಂದೆ ಬಾಡಿಗೆಯ ಒಂದೇ ಕೋಣೆ. ದೇವಕ್ಕ ಹೊಸ್ತಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, "ಬರ್ರಿ ಸಾಹೇಬ್ರ, ಬರ್ರಿ" ಎಂದು ಚಾಪೆ ಹಾಸಿದಳು. ಮೌನೇಶ ಒಳಗೆ ಮಗ್ಗಲು ಬದಲಿಸುತ್ತಿದ್ದ.

ಸುತ್ತು ಬಳಸದೆ ಹೇಳಿದೆ. ಸೂರ್ಯನ ಚಿತ್ರ, ಮಾತ್ರೆಯ ಗುಣ, ಖಾಲಿ ಹೊಟ್ಟೆ, ಬೆವರು ಯಾಕೆ ಬಂತು, ಅದು ನಿದ್ದೆಯಲ್ಲ ಎಂಬುದು, ಕೇಳಿದಾಗ ನಾನು ಹೇಳಿದ ಸುಳ್ಳು. ಅವಳು ಮೊರ ಹಿಡಿದ ಕೈ ಅಲ್ಲಾಡಿಸಲಿಲ್ಲ.

"ಅಂದ್ರ ಎಬ್ಬಿಸಿದ್ರ ಉಳೀತಿದ್ದ" ಅಂದಳು.

"ಉಳೀತಿದ್ದನೇನೋ ದೇವಕ್ಕ. ಆದ್ರ ಎಬ್ಬಿಸ್ರಿ ಅಂತ ನಿಮಗ ಹೇಳಬೇಕಾದಾಂವ ನಾನು. ನಾ ಹೇಳಲಿಲ್ಲ. ನಿಮ್ಮ ತಪ್ಪಿಲ್ಲ."

ಅವಳು ಮೊರವನ್ನು ಬದಿಗಿಟ್ಟಳು. ಆಮೇಲೆ ಯಾರಿಗೋ ಬೇರೆಯವರಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. "ಅವತ್ತು ಅಂವ ಗುಳಿಗಿ ಬ್ಯಾಡ ಅಂದಿದ್ದರಿ. 'ತಲಿ ತಿರಗತದ, ಎದ್ದು ರೊಟ್ಟಿ ತಿಂದು ತೊಗೋತೀನಿ' ಅಂದ. ನಾನೇ ಕೇಳಲಿಲ್ಲ. 'ಹೊತ್ತು ಹೊಂಟದ ನೋಡು, ಸಾಹೇಬ್ರು ಸೂರ್ಯನ್ನ ಬರದು ಕೊಟ್ಟಾರ' ಅಂತ ಕೈಯಾಗಿಟ್ಟು ನೀರು ಕುಡಿಸಿದ್ನಿ. ಇದನ್ನ ಯಾರ ಮುಂದೂ ಹೇಳಿಲ್ಲ, ಮಗನ ಮುಂದೂ."

ನಾನು ತಲೆ ತಗ್ಗಿಸಿ ಅತ್ತೆ. ಅವಳೂ ಅತ್ತಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಏಳುವ ಹೊತ್ತಿಗೆ ಒಂದು ಮಾತು ಕೇಳಿದಳು. "ಈ ಹುಡುಗನ ಹೊಟ್ಟ್ಯಾಗ ಅಂಥಾ ಗುಳಿಗಿ ಇಲ್ಲಲ್ರಿ?"

"ಇಲ್ಲ. ಒಂದೂ ಇಲ್ಲ. ಇವನಿಗೆ ಬೇಕಾದದ್ದು ನಿದ್ದಿ."

"ಆಣಿ ಮಾಡ್ರಿ."

ನಮ್ಮ ಮನೆಯಲ್ಲಿ ಆಣೆ ಮಾಡುವ ರೂಢಿಯಿಲ್ಲ. ಆದರೂ ಅವಳ ಕೈ ಮುಟ್ಟಿ ಮಾಡಿದೆ.

ವಾರ ಬಿಟ್ಟು ಮತ್ತೆ ಅತ್ತ ಹೋದೆ. ಬಿಸಿಲು ನೆತ್ತಿಗೆ ಬಂದಿತ್ತು. ಕಿಟಕಿಗೆ ಹಳೆಯ ಕೌದಿ ಕಟ್ಟಿತ್ತು, ಬಾಗಿಲು ಮುಂದೆ ಮಾಡಿತ್ತು. ದೇವಕ್ಕ ಹೊರಗೆ ಬಿಸಿಲಿನಲ್ಲೇ ಗೋಡೆಗೆ ಆತು ಕೂತಿದ್ದಳು. ಮಡಿಲಲ್ಲಿ ಬೆಲ್ಲದ ಒಂದು ಹೆಂಟೆ ಇತ್ತು. ಒಳಗಿನ ಉಸಿರಿಗೆ ಕಿವಿಗೊಟ್ಟಿದ್ದಳು. ನಾನು "ದೇವಕ್ಕ" ಎನ್ನುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕ ಮಾತಾಡ್ರಿ. ಮಗ ಮಲಗ್ಯಾನ."